ಸಹಪಾಠಿಯ ಪಾಲು

ಅರವತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಪಿ.ಯು.ಸಿ. ತರಗತಿಯ ವಿದ್ಯಾರ್ಥಿ. ಕನ್ನಡದಲ್ಲಿ ತರಗತಿಗೆ ಮೊದಲಿಗನೆಂಬ ಹೆಸರು ನನಗಿದ್ದಿತು. ಅದರಲ್ಲಿಯೂ ಛಂದಸ್ಸು ನನಗೆ ಕೈವಶವಾದ ವಿದ್ಯೆಯೆಂದು ನಾನೂ ನಂಬಿದ್ದೆ, ಇತರರೂ ನಂಬಿದ್ದರು. ಕೊಠಡಿಯ ಕದವಿಕ್ಕಿಕೊಂಡು, ಭಾಮಿನೀ ಷಟ್ಪದಿಯ ಪದ್ಯಗಳಿಗೆ ಒಂದಾದ ಮೇಲೊಂದರಂತೆ ಪ್ರಸ್ತಾರ ಹಾಕುತ್ತ ಕುಳಿತೆನೆಂದರೆ ಊಟಕ್ಕೆ ಕರೆದುದೂ ಕಿವಿಗೆ ಬೀಳುತ್ತಿರಲಿಲ್ಲ. ಮೊದಲನೆಯ ಸಾಲಿಗೆ ೧೪ ಮಾತ್ರೆ, ಮೂರನೆಯದಕ್ಕೆ ೨೩. ಲೆಕ್ಕ ಸರಿಹೊಂದಿದಾಗ ಆಗುತ್ತಿದ್ದ ಸಂತೋಷ ಗಣಿತದವರಿಗೂ ಪರಿಚಿತವಾದುದೇ. ಹೀಗೆ ವರ್ಷದ ಬಹುಭಾಗವನ್ನು ಕಳೆದೆ. ಆ ವರ್ಷ ನಾನು ಹಾಕಿದ ಪ್ರಸ್ತಾರಗಳಲ್ಲಿ ಬಹುಪಾಲು ತಪ್ಪಾಗಿದ್ದುವು.

ತಪ್ಪು ಯಾವುದೆಂಬುದನ್ನು ಹೇಳಿಬಿಡುತ್ತೇನೆ. ಅಧ್ಯಾಪಕರಾದ ವಾಚಕರು ನಗಬಹುದು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂಬುದು ನಿಯಮ. ನಾನು ಅದನ್ನು, ಒತ್ತಕ್ಷರವೇ ಗುರುವೆಂದು ತಿಳಿದುಕೊಂಡಿದ್ದೆ. ‘ಭಕ್ತಿ’ ಎಂಬ ಶಬ್ದ ಬಂದರೆ ‘ಭ’ ಲಘು, ‘ಕ್ತಿ’ ಗುರು ಎಂದು ಗುರುತು ಹಾಕುತ್ತಿದ್ದೆ. ನಿಜವಾಗಿ ಇರಬೇಕಾದುದು ಇದರ ಅದಲುಬದಲು. ಆದರೆ ಸೋಜಿಗವನ್ನು ನೋಡಿ: ಹೇಗೆ ಎಣಿಸಿದರೂ ಮೊತ್ತ ಮೂರೇ ಮಾತ್ರೆ! ಸಾಲಿನ ಕೊನೆಗೆ ೧೪ ಎಂಬ ಅಂಕಿ ನಗುನಗುತ್ತ ಬಂದು ನಿಲ್ಲುತ್ತಿತ್ತು. ‘ರಾಜ್ಯ’ದಂಥ ಶಬ್ದವಿದ್ದ ಕಡೆ ಮಾತ್ರ ಒಂದು ಮಾತ್ರೆ ಹೆಚ್ಚಾಗಿ ೧೫ ಆಗುತ್ತಿತ್ತು. ಆಗ ನಾನು ಅಚ್ಚಿನ ತಪ್ಪಿರಬೇಕೆಂದು ಮುದ್ರಣಾಲಯದವರನ್ನು ಬೈದುಕೊಳ್ಳುತ್ತಿದ್ದೆ. ಒಂದೆರಡು ಬಾರಿ ಕುಮಾರವ್ಯಾಸನನ್ನೇ ದೊಡ್ಡ ಮನಸ್ಸಿನಿಂದ ಕ್ಷಮಿಸಿದುದೂ ಉಂಟು. ನಮ್ಮ ಉಪಾಧ್ಯಾಯರೂ ಮೊತ್ತವನ್ನಷ್ಟೇ ನೋಡಿ ಸರಿಯೆಂಬ ಗುರುತು ಹಾಕಿರಬೇಕು. ಒಟ್ಟಿನಲ್ಲಿ ನನ್ನ ಅಜ್ಞಾನಕ್ಕೆ ಯಾವ ದಿಕ್ಕಿನಿಂದಲೂ ತೊಂದರೆಯಿರಲಿಲ್ಲ.

ಅದಕ್ಕೆ ತೊಂದರೆ ಬಂದುದು ಊರ ಗುಡಿಯ ಜಗಲಿಯ ಮೇಲೆ. ಪರೀಕ್ಷೆಗೆ ಎರಡು ತಿಂಗಳಿದ್ದಾಗ, ನೇಕಾರರ ಮನೆಯ ಹುಡುಗನೊಬ್ಬ, ಛಂದಸ್ಸಿನಲ್ಲಿ ಸೊನ್ನೆಯ ಸಮೀಪದಲ್ಲಿ ಸುಳಿದಾಡುತ್ತಿದ್ದವನು, ಹೇಳಿಕೊಡೆಂದು ಬೆನ್ನುಹತ್ತಿದ. ನನಗೆ ಮನಸ್ಸಿರಲಿಲ್ಲ. ಹೇಳಿಕೊಟ್ಟರೆ ಕಾಲಹರಣ, ಮೇಲಾಗಿ ನನ್ನ ಸ್ಥಾನಕ್ಕೆ ಪೈಪೋಟಿಗಾರನೊಬ್ಬನನ್ನು ನಾನೇ ಬೆಳೆಸಿದಂತೆ ಎಂಬ ಸಣ್ಣತನವೂ ಒಳಗಿತ್ತು. ದಾಕ್ಷಿಣ್ಯಕ್ಕೆ ಕುಳಿತೆ. ಒಂದು ಸಾಲನ್ನು ತೆಗೆದುಕೊಂಡು ಗಂಭೀರವಾಗಿ ಗುರು-ಲಘು ಹಾಕಿ ತೋರಿಸಿದೆ. ಅವನ ತಂದೆ ಶ್ರಾವಣ ಮಾಸದಲ್ಲಿ ಭಾರತ ಓದುತ್ತಿದ್ದವರು. ಹುಡುಗನಿಗೆ ನಿಯಮ ತಿಳಿಯದಿದ್ದರೂ ಷಟ್ಪದಿಯ ನಡೆ ರಕ್ತದಲ್ಲಿತ್ತು. ಅವನು ತೊಡೆಯ ಮೇಲೆ ಬೆರಳು ತಟ್ಟುತ್ತ ಆ ಸಾಲನ್ನು ಮೆಲ್ಲನೆ ಹಾಡಿಕೊಂಡು, ‘ನೀನು ಕ್ತಿಯ ಮೇಲೆ ಯಾಕೆ ನಿಲ್ಲುತ್ತೀ? ಹಾಗೆ ಯಾರು ಹಾಡುತ್ತಾರೆ? ಭಕ್ ಅನ್ನುವಲ್ಲಿ ಅಲ್ಲವೆ ಉಸಿರು ನಿಲ್ಲುವುದು?’ ಎಂದು ಕೇಳಿದ. ನಾನು ವಾದಿಸಿದೆ. ಪುಸ್ತಕ ತೆರೆದೆವು. ನಿಯಮವನ್ನು ಗಟ್ಟಿಯಾಗಿ ಓದಿದೆ. ಹತ್ತಾರು ಬಾರಿ ಕಣ್ಣಿನಿಂದ ಓದಿದ್ದ ಆ ವಾಕ್ಯದಲ್ಲಿ ‘ಹಿಂದಿನ’ ಎಂಬ ಶಬ್ದವಿದೆಯೆಂಬುದು ಅಂದು ಮೊದಲ ಬಾರಿಗೆ ಕಾಣಿಸಿತು.

ವಿದ್ಯೆ ನಾಲ್ಕು ಪಾಲಾಗಿ ಬರುತ್ತದೆಂಬ ಹಳೆಯ ಮಾತೊಂದು ನಮ್ಮಲ್ಲಿದೆ. ಒಂದು ಕಾಲು ಗುರುವಿನಿಂದ, ಇನ್ನೊಂದು ಕಾಲು ಸ್ವಂತ ಬುದ್ಧಿಯಿಂದ, ಮತ್ತೊಂದು ಸಹಪಾಠಿಗಳಿಂದ, ಉಳಿದ ಕಾಲು ಭಾಗ ವಯಸ್ಸು ಕಳೆದಂತೆ. ಸಮಾರಂಭಗಳಲ್ಲಿ ಈ ಮಾತನ್ನು ಹೇಳದ ಭಾಷಣಕಾರರು ವಿರಳ. ಆದರೆ ನಮ್ಮ ವಿದ್ಯಾಲಯಗಳ ಏರ್ಪಾಡನ್ನು ಕಂಡರೆ, ಗುರುವಿನ ಪಾಲಿಗೆ ವೇಳಾಪಟ್ಟಿಯುಂಟು, ಸ್ವಂತ ಬುದ್ಧಿಯ ಪಾಲಿಗೆ ಪರೀಕ್ಷೆಯುಂಟು, ಕಾಲದ ಪಾಲನ್ನು ಕಾಲವೇ ನೋಡಿಕೊಳ್ಳುತ್ತದೆ. ಸಹಪಾಠಿಯ ಪಾಲಿಗೆ ಮಾತ್ರ ಯಾವ ವ್ಯವಸ್ಥೆಯೂ ಇಲ್ಲ. ಅಷ್ಟೇ ಅಲ್ಲ, ಪಕ್ಕದವನೊಡನೆ ಮಾತಾಡುವುದು ಬಹುಪಾಲು ತರಗತಿಗಳಲ್ಲಿ ಅಪರಾಧ. ದರ್ಜೆ, ಸ್ಥಾನ, ಪದಕಗಳ ಹಂಚಿಕೆ ಪಕ್ಕದವನನ್ನು ಎದುರಾಳಿಯನ್ನಾಗಿ ಮಾಡುತ್ತದೆ. ‘ಯಾರ ಸಹವಾಸಕ್ಕೂ ಹೋಗದೆ ತಾನಾಯಿತು ತನ್ನ ಓದಾಯಿತು ಎಂದಿರುವ ಹುಡುಗ’ ಎಂಬುದು ಈಗಲೂ ತಂದೆತಾಯಿಗಳು ಕೊಡುವ ಅತ್ಯುಚ್ಚ ಪ್ರಶಸ್ತಿ.

ಒಬ್ಬ ಹುಡುಗನ ಗುರು-ಲಘುವಿನ ಕಥೆಯಿಂದ ಇಷ್ಟು ದೊಡ್ಡ ಮಾತಿಗೆ ಹೋಗುವುದು ಸರಿಯೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ವಿಷಯವನ್ನು ಕುತೂಹಲದಿಂದಲ್ಲ, ಸಂಕಟದಿಂದ ವಿಚಾರಿಸಿ ನೋಡಿದ ಒಂದು ಪ್ರಸಂಗ ಅಮೆರಿಕದಲ್ಲಿ ನಡೆದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹೆಸರುವಾಸಿಯಾದ ವಿಶ್ವವಿದ್ಯಾನಿಲಯವೊಂದಿದೆ. ೧೯೭೦ರ ದಶಕದ ನಡುವೆ ಅಲ್ಲಿ ಯೂರಿ ಟ್ರೀಸ್‌ಮನ್ ಎಂಬ ಗಣಿತದ ಸಂಶೋಧನ ವಿದ್ಯಾರ್ಥಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲ ವರ್ಷದ ಕಲನಶಾಸ್ತ್ರದ ತರಗತಿಗೆ ಬರುತ್ತಿದ್ದ ಆಫ್ರಿಕನ್-ಅಮೆರಿಕನ್ ವಿದ್ಯಾರ್ಥಿಗಳು ಒಂದೇ ಸಮನೆ ಸೋಲುತ್ತಿದ್ದರು. ಹಿಂದಿನ ಹತ್ತು ವರ್ಷಗಳ ದಾಖಲೆ ತೆಗೆದು ನೋಡಿದರೆ, ಆ ಪಾಠವನ್ನು ಮುಗಿಸಿದ ಅಂಥ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೬೦ ಮಂದಿಗೆ ತೀರ ಕೆಳಗಿನ ಎರಡು ದರ್ಜೆಗಳು ಬಂದಿದ್ದುವು. ಇವರು ದಡ್ಡರಲ್ಲ, ಅನೇಕರು ತಮ್ಮ ತಮ್ಮ ಪ್ರೌಢಶಾಲೆಗಳಲ್ಲಿ ಮೊದಲಿಗರಾಗಿದ್ದವರು, ಊರಿನ ಹೆಮ್ಮೆಯಾಗಿ ಬಂದವರು. ಕಲನಶಾಸ್ತ್ರದಲ್ಲಿ ಸೋತರೆ ಎಂಜಿನಿಯರಿಂಗ್, ವೈದ್ಯಕೀಯ, ವಿಜ್ಞಾನ ಈ ಎಲ್ಲ ಬಾಗಿಲುಗಳೂ ಮುಚ್ಚಿದಂತೆ. ಬಂದ ವರ್ಷದಲ್ಲಿಯೇ ಬದುಕಿನ ದಾರಿ ತಿರುಗಿಬಿಡುತ್ತಿತ್ತು.

ಕಾರಣವೇನೆಂದು ಟ್ರೀಸ್‌ಮನ್ ಅಧ್ಯಾಪಕರನ್ನು ಕೇಳಿದರು. ಉತ್ತರಗಳು ಸಿದ್ಧವಾಗಿದ್ದುವು, ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುವುವೂ ಇವೇ. ಓದಬೇಕೆಂಬ ಛಲವಿಲ್ಲ, ಹಿಂದಿನ ತರಗತಿಗಳ ತಯಾರಿ ಸಾಲದು, ಮನೆಯವರ ಪ್ರೋತ್ಸಾಹವಿಲ್ಲ, ಬಡತನ. ಟ್ರೀಸ್‌ಮನ್ ಇವನ್ನು ಒಂದೊಂದಾಗಿ ಪರೀಕ್ಷಿಸಿದರು. ಒಂದೂ ನಿಲ್ಲಲಿಲ್ಲ. ಆ ಹುಡುಗರ ತಂದೆತಾಯಿಗಳು ಮಕ್ಕಳ ವಿದ್ಯೆಗಾಗಿ ಜೀವ ತೇಯ್ದವರು. ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದು ಬಂದವರೂ ಕಲನಶಾಸ್ತ್ರದಲ್ಲಿ ಸೋಲುತ್ತಿದ್ದರು.

ಆಗ ಅವರು ಒಬ್ಬ ಒಳ್ಳೆಯ ಸಂಶೋಧಕನು ಮಾಡಬೇಕಾದ, ಆದರೆ ಯಾರೂ ಮಾಡದಿದ್ದ, ಸರಳವಾದ ಕೆಲಸವೊಂದನ್ನು ಮಾಡಿದರು. ಹುಡುಗರು ಓದುವುದನ್ನು ಹೋಗಿ ನೋಡಿದರು. ೨೦ ಮಂದಿ ಆಫ್ರಿಕನ್-ಅಮೆರಿಕನ್ನರನ್ನೂ, ಅದೇ ಪಾಠದಲ್ಲಿ ಮುಂದಿದ್ದ ಚೀನೀ ಮೂಲದ ೨೦ ಮಂದಿಯನ್ನೂ ಆರಿಸಿಕೊಂಡು, ಅವರ ಕೊಠಡಿ, ಗ್ರಂಥಾಲಯ, ಊಟದ ಮೇಜು ಎಲ್ಲ ಕಡೆಗೂ ತಿಂಗಳುಗಟ್ಟಲೆ ಹಿಂಬಾಲಿಸಿದರು. ಕಂಡದ್ದು ಇದು. ಮೊದಲನೆಯ ಗುಂಪಿನ ಹುಡುಗರು ಶಿಸ್ತಿನಿಂದ ಓದುತ್ತಿದ್ದರು. ಒಂದು ಗಂಟೆಯ ಪಾಠಕ್ಕೆ ಎರಡು ಗಂಟೆಯ ಓದು ಬೇಕೆಂದು ಉಪಾಧ್ಯಾಯರು ಹೇಳಿದ್ದರಂತೆ. ಅವರು ವಾರಕ್ಕೆ ಸುಮಾರು ಎಂಟು ಗಂಟೆ ಹಾಗೆಯೇ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ. ೨೦ ಮಂದಿಯಲ್ಲಿ ೧೮ ಮಂದಿ ಸಹಪಾಠಿಗಳೊಡನೆ ಒಮ್ಮೆಯೂ ಕೂಡಿ ಓದಿದವರಲ್ಲ. ಗೆಳೆಯರಿದ್ದರು, ಗೆಳೆತನ ಬೇರೆ, ಓದು ಬೇರೆ. ಚೀನೀ ಮೂಲದವರು ಎಂಟು ಹತ್ತು ಗಂಟೆ ತಾವೇ ಓದಿ, ಅನಂತರ ಸಂಜೆ ಒಟ್ಟಿಗೆ ಸೇರಿ ಮತ್ತೆ ನಾಲ್ಕಾರು ಗಂಟೆ ಕುಳಿತುಕೊಳ್ಳುತ್ತಿದ್ದರು. ಅಡಿಗೆಯಾಗುತ್ತಿರುವಾಗ ಒಬ್ಬನ ಉತ್ತರವನ್ನು ಮತ್ತೊಬ್ಬ ನೋಡುವನು. ಬಾರದ ಲೆಕ್ಕವನ್ನು ಎಲ್ಲರೂ ಜಗ್ಗಾಡುವರು. ಹಿಂದಿನ ವರ್ಷದ ಪ್ರಶ್ನಪತ್ರಿಕೆಗಳು ಕೈಯಿಂದ ಕೈಗೆ ಹೋಗುವುವು. ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ತಿದ್ದುವರು. ಒಂದು ಲೆಕ್ಕ ತನ್ನೊಬ್ಬನಿಗೇ ಬರಲಿಲ್ಲವೋ ಯಾರಿಗೂ ಬರಲಿಲ್ಲವೋ ಎಂಬುದು ಅವರಲ್ಲಿ ಪ್ರತಿಯೊಬ್ಬನಿಗೂ ಗೊತ್ತಿರುತ್ತಿತ್ತು.

ಒಂಟಿಯಾಗಿ ಕುಳಿತವನಿಗೆ ಗೊತ್ತಿಲ್ಲದಿದ್ದುದು ಇದೇ. ಮನೆಪಾಠವನ್ನು ಮಾಡಿ ಮುಗಿಸಿದ್ದಾನೆ, ತರಗತಿಗೆ ತಪ್ಪದೆ ಹೋಗಿದ್ದಾನೆ, ಪರೀಕ್ಷೆ ಚೆನ್ನಾಗಿ ಬರೆದೆನೆಂದೇ ಹೊರಗೆ ಬಂದಿದ್ದಾನೆ. ಫಲಿತಾಂಶ ಬಂದಾಗ ಆಕಾಶ ತಲೆಯ ಮೇಲೆ ಬಿದ್ದಂತಾಗಿ, ‘ನನಗೆ ಗಣಿತ ಬಾರದು, ಇದು ನನ್ನಂಥವನ ವಿದ್ಯೆಯಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಿದ್ದ. ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬನು ಅದೇ ಲೆಕ್ಕದ ಮುಂದೆ ಕೈಚೆಲ್ಲಿ ಕುಳಿತಿದ್ದನೆಂಬುದು ಅವನಿಗೆ ತಿಳಿಯಲೇ ಇಲ್ಲ. ನನ್ನನ್ನು ಈ ಕಥೆಯಲ್ಲಿ ಬಹಳ ತಟ್ಟಿದ ಅಂಶವೊಂದುಂಟು. ಈ ಹುಡುಗರು ಒಂಟಿಯಾಗಿ ಓದುವುದನ್ನು ಸೋಮಾರಿತನದಿಂದ ಕಲಿತವರಲ್ಲ. ಓದುವವನನ್ನು ಗೇಲಿ ಮಾಡುವ ವಾತಾವರಣದಲ್ಲಿ, ಸುತ್ತಣವರಿಂದ ಬೇರೆಯಾಗಿ ನಿಂತು ಓದಿದುದರಿಂದಲೇ ಅವರು ಬರ್ಕ್ಲಿಯ ತನಕ ಬಂದಿದ್ದರು. ಯಾವ ಗುಣ ಅವರನ್ನು ಅಲ್ಲಿಗೆ ತಂದಿತೋ ಅದೇ ಗುಣ ಅಲ್ಲಿ ಅವರನ್ನು ಕೆಡವಿತು.

೧೯೭೮ರಲ್ಲಿ ಅಲ್ಲಿ ಗಣಿತದ ಕಾರ್ಯಾಗಾರವೊಂದು ಮೊದಲಾಯಿತು. ಅದು ಹಿಂದುಳಿದವರ ಪೂರಕ ತರಗತಿಯಾಗಿರಲಿಲ್ಲ. ಹಾಗೆ ಕರೆದಿದ್ದರೆ ಮಾನಿಗಳಾದ ಆ ಹುಡುಗರು ಕಾಲಿಡುತ್ತಿರಲಿಲ್ಲ. ಪ್ರತಿಭಾವಂತರ ಕೂಟವೆಂದೇ ಅದನ್ನು ಕರೆದರು. ಕೊಟ್ಟ ಲೆಕ್ಕಗಳು ಸುಲಭವಾದುವಲ್ಲ. ಒಬ್ಬನೇ ಬಿಡಿಸಲಾಗದಷ್ಟು ಕಠಿನವಾದುವು. ಮೊದಲು ತಾನೇ ಗುದ್ದಾಡಬೇಕು, ಆಮೇಲೆ ಪಕ್ಕದವನಿಗೆ ವಿವರಿಸಬೇಕು, ಅವನ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಉಪನ್ಯಾಸವಿಲ್ಲ, ಮೇಲ್ವಿಚಾರಕನೊಬ್ಬ ಸುತ್ತಾಡುತ್ತಿರುವನು. ಕೆಲವೇ ವರ್ಷಗಳಲ್ಲಿ, ಈ ಕೂಟಕ್ಕೆ ಬಂದವರಲ್ಲಿ ಸೋಲು ಅಪರೂಪವಾಯಿತು. ಅನೇಕರು ತರಗತಿಯ ಮುಂದಿನ ಸಾಲಿಗೆ ಬಂದರು. ಹುಡುಗರು ಅವರೇ, ಪಾಠ ಅದೇ, ಪರೀಕ್ಷೆಯೂ ಅದೇ. ಬದಲಾದುದು ಆ ಕಾಲು ಪಾಲು.

ಕೂಡಿ ಓದುವುದೆಂದರೆ ಬಲ್ಲವನು ಬಾರದವನಿಗೆ ನೆರವಾಗುವುದು ಎಂದು ನಾವು ತಿಳಿಯುತ್ತೇವೆ. ಅದು ಉಂಟು, ಆದರೆ ಅದು ಸಣ್ಣ ಲಾಭ. ಜಗಲಿಯ ಮೇಲೆ ನನಗೆ ದೊರೆತದ್ದು ಉತ್ತರವಾಗಿರಲಿಲ್ಲ, ಅನುಮಾನವಾಗಿತ್ತು. ಪುಸ್ತಕ ನಮ್ಮನ್ನು ಪ್ರಶ್ನಿಸುವುದಿಲ್ಲ. ನಾವು ಏನೆಂದು ತಿಳಿದುಕೊಂಡರೂ ಸುಮ್ಮನಿರುತ್ತದೆ. ಮೌನವಾಗಿ ಓದುವಾಗ ಪರಿಚಯವಾದುದೆಲ್ಲ ಅರ್ಥವಾದಂತೆಯೇ ತೋರುತ್ತದೆ. ಬಾಯಿಬಿಟ್ಟು ಹೇಳತೊಡಗಿದಾಗ ಮಾತ್ರ, ಎಲ್ಲಿ ವಾಕ್ಯ ತೊದಲುತ್ತದೆಯೋ ಅಲ್ಲಿ ಅರಿವು ನಿಂತಿದೆಯೆಂದು ಗೊತ್ತಾಗುತ್ತದೆ. ಹೇಳಿಕೊಡುವವನು ಕೇಳುವವನಿಗಿಂತ ಹೆಚ್ಚು ಕಲಿಯುತ್ತಾನೆಂಬುದು ಅಧ್ಯಾಪಕವೃತ್ತಿಯ ಗುಟ್ಟು; ವೃತ್ತಿಯಲ್ಲಿರುವ ನಾವು ಅದನ್ನು ಏಕೋ ನಮ್ಮಲ್ಲಿಯೇ ಇಟ್ಟುಕೊಂಡಿದ್ದೇವೆ.

ಈ ಗುಟ್ಟನ್ನು ಬಿಟ್ಟುಕೊಟ್ಟ ಪ್ರಾಧ್ಯಾಪಕರೊಬ್ಬರ ವಿಷಯ ಹೇಳಬಹುದು. ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ ಅವರು ಸೊಗಸಾದ ಉಪನ್ಯಾಸಕರೆಂದು ಹೆಸರಾದವರು. ೧೯೯೦ರ ಸುಮಾರಿಗೆ ಅವರು ತಮ್ಮ ವಿದ್ಯಾರ್ಥಿಗಳಿಗೆ ನ್ಯೂಟನ್ನನ ನಿಯಮಗಳ ಮೇಲೆ ಸೂತ್ರಗಳ ಹಂಗಿಲ್ಲದ ಸರಳ ಪ್ರಶ್ನೆಗಳನ್ನು ಕೊಟ್ಟರು. ಕಠಿನವಾದ ಲೆಕ್ಕಗಳನ್ನು ಬಿಡಿಸುತ್ತಿದ್ದವರೇ ಇಲ್ಲಿ ಎಡವಿದರು. ಭಾರವಾದ ಲಾರಿಯೂ ಹಗುರವಾದ ಕಾರೂ ಡಿಕ್ಕಿಯಾದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆಂಬಂಥ ಪ್ರಶ್ನೆಗಳಲ್ಲಿ. ನನ್ನ ೧೪ ಮಾತ್ರೆಯಂತೆ ಅವರದೂ ಮೊತ್ತ ಸರಿಯಿತ್ತು, ಗುರು-ಲಘು ತಪ್ಪಿತ್ತು. ಮಜೂರ್ ಎರಡು ಮೂರು ಬಗೆಯಾಗಿ ವಿವರಿಸಿದರು. ಮುಖಗಳಲ್ಲಿ ಗೊಂದಲ ಹೋಗಲಿಲ್ಲ. ಕೊನೆಗೆ ಬೇಸತ್ತು, ನೀವು ನೀವೇ ಮಾತಾಡಿಕೊಳ್ಳಿರೆಂದರು. ಸಭಾಂಗಣವೆಲ್ಲ ಸಂತೆಯಾಯಿತು, ಎರಡು ಮೂರು ನಿಮಿಷಗಳಲ್ಲಿ ಬಹುಮಂದಿಗೆ ವಿಷಯ ತಿಳಿದುಹೋಗಿತ್ತು. ಕಾರಣವನ್ನು ಅವರು ಹೀಗೆ ಕಂಡುಕೊಂಡರು: ಈಗತಾನೆ ಅರ್ಥಮಾಡಿಕೊಂಡವನಿಗೆ ಆ ವಿಷಯ ಎಲ್ಲಿ ಕಷ್ಟವೆಂಬುದು ಇನ್ನೂ ನೆನಪಿರುತ್ತದೆ, ಎಂದೋ ಕಲಿತ ಪ್ರಾಧ್ಯಾಪಕನಿಗೆ ಆ ಕಷ್ಟ ಮರೆತುಹೋಗಿರುತ್ತದೆ. ಅಂದಿನಿಂದ ಅವರ ಪಾಠದ ಕ್ರಮವೇ ಬದಲಾಯಿತು. ಆ ಕ್ರಮವನ್ನು ವಿವರಿಸಿ ೧೯೯೭ರಲ್ಲಿ ಒಂದು ಗ್ರಂಥವನ್ನೂ ಬರೆದರು.

ಇವೆಲ್ಲ ತರಗತಿಯ, ಪರೀಕ್ಷೆಯ ಮಾತಾಯಿತು. ಪರೀಕ್ಷೆಯೇ ಇಲ್ಲದೆ, ಓದಿನ ಸುಖಕ್ಕಾಗಿಯೇ ಕೂಡಿದವರ ಕಥೆಗಳಲ್ಲಿ ನನಗೆ ಬಹಳ ಪ್ರಿಯವಾದುದು ಸ್ವಿಟ್ಸರ್‌ಲೆಂಡಿನ ಬರ್ನ್ ನಗರದ್ದು. ೧೯೦೨ರ ಫೆಬ್ರವರಿಯಲ್ಲಿ ಅಲ್ಲಿಯ ಪತ್ರಿಕೆಯೊಂದರಲ್ಲಿ ಸಣ್ಣ ಜಾಹೀರಾತು ಬಂತು: ಗಣಿತ, ಭೌತವಿಜ್ಞಾನಗಳಲ್ಲಿ ಖಾಸಗಿ ಪಾಠ ಹೇಳಲಾಗುವುದು. ಹಾಕಿದವನು ಕೆಲಸ ಸಿಗದೆ ಅಲೆಯುತ್ತಿದ್ದ, ೨೨ ವರ್ಷದ ಆಲ್ಬರ್ಟ್ ಐನ್‌ಸ್ಟೈನ್. ಅದನ್ನು ನೋಡಿ ಬಂದವನು ರೊಮೇನಿಯದ ತತ್ತ್ವಶಾಸ್ತ್ರದ ವಿದ್ಯಾರ್ಥಿ ಮಾರಿಸ್ ಸೊಲೊವಿನ್. ಮೊದಲ ದಿನ ಎರಡು ಗಂಟೆ ಮಾತಾಡಿದರು. ಬೀಳ್ಕೊಡಲು ಬೀದಿಗಿಳಿದು ಅಲ್ಲಿ ಅರ್ಧ ಗಂಟೆ. ಮೂರನೆಯ ದಿನ ಐನ್‌ಸ್ಟೈನ್, ಪಾಠ ಬೇಡ, ಹೀಗೆಯೇ ಬಂದು ಚರ್ಚಿಸೋಣವೆಂದರು. ಗಂಟೆಗೆ ಮೂರು ಫ್ರಾಂಕಿನ ವರಮಾನ ಅಲ್ಲಿಗೆ ಹೋಯಿತು! ಕೆಲವು ವಾರಗಳ ಮೇಲೆ ಕಾನ್ರಾಡ್ ಹಾಬಿಕ್ಟ್ ಎಂಬ ಗಣಿತದ ವಿದ್ಯಾರ್ಥಿ ಬಂದು ಸೇರಿದ. ದೊಡ್ಡ ವಿದ್ವತ್ಸಭೆಗಳನ್ನು ಅಣಕಿಸುವುದಕ್ಕಾಗಿ ತಮ್ಮ ಕೂಟಕ್ಕೆ ‘ಒಲಿಂಪಿಯ ಅಕಾಡೆಮಿ’ ಎಂದು ಹೆಸರಿಟ್ಟುಕೊಂಡರು. ಸದಸ್ಯರು ಮೂವರು.

ಹ್ಯೂಮ್, ಸ್ಪಿನೋಜ, ಮಾಖ್, ಮಿಲ್ ಇವರ ಗ್ರಂಥಗಳನ್ನು ಓದಿದರು. ನಡುನಡುವೆ ಸೊಫೋಕ್ಲೀಸನ ನಾಟಕ, ಸರ್ವಾಂಟಿಸನ ಕಾದಂಬರಿ. ಸೊಲೊವಿನ್ ಮುಂದೆ ನೆನಪಿಸಿಕೊಂಡಂತೆ, ಒಂದು ಪುಟವನ್ನೋ ಅರ್ಧ ಪುಟವನ್ನೋ, ಒಮ್ಮೊಮ್ಮೆ ಒಂದೇ ವಾಕ್ಯವನ್ನೋ ಓದಿ ನಿಲ್ಲಿಸುವರು. ವಿಷಯ ಮುಖ್ಯವಾಗಿದ್ದರೆ ಚರ್ಚೆ ದಿನಗಟ್ಟಲೆ ನಡೆಯುವುದು. ಕಾಲ, ಏಕಕಾಲಿಕತೆ ಎಂಬ ಕಲ್ಪನೆಗಳನ್ನು ಅಲುಗಾಡಿಸಿದ ಪ್ವಾಂಕಾರೆಯ ಒಂದು ಗ್ರಂಥ ಅವರನ್ನು ವಾರಗಟ್ಟಲೆ ಹಿಡಿದಿಟ್ಟಿತು. ಊಟವೆಂದರೆ ಸಾಸೇಜು, ಒಂದು ತುಂಡು ಚೀಸು, ಹಣ್ಣು, ಜೇನು, ಚಹಾ. ಐನ್‌ಸ್ಟೈನರ ಹುಟ್ಟುಹಬ್ಬಕ್ಕೆ ಗೆಳೆಯರಿಬ್ಬರೂ ಕಾಸು ಕೂಡಿಸಿ ಕ್ಯಾವಿಯರ್ ಎಂಬ ದುಬಾರಿ ಭಕ್ಷ್ಯವನ್ನು ತಂದಿಟ್ಟರು. ಆ ಮಹಾಶಯರು ಜಡತ್ವದ ವಿಷಯ ಮಾತಾಡುತ್ತ ತಟ್ಟೆಯಲ್ಲಿ ಏನಿದೆಯೆಂದು ನೋಡದೆ ತಿಂದು ಮುಗಿಸಿದರಂತೆ. ಇನ್ನೊಮ್ಮೆ ಸೊಲೊವಿನ್ ಸಂಗೀತ ಕಚೇರಿಯ ಆಸೆಗೆ ಕೂಟವನ್ನು ತಪ್ಪಿಸಿ, ಬೇಯಿಸಿದ ಮೊಟ್ಟೆಗಳನ್ನೂ ಕ್ಷಮೆಯ ಚೀಟಿಯನ್ನೂ ಮೇಜಿನ ಮೇಲಿಟ್ಟು ಹೋದ. ಉಳಿದಿಬ್ಬರು ಮೊಟ್ಟೆಗಳನ್ನು ತಿಂದು, ಅವನ ಕೊಠಡಿಯನ್ನು ತಂಬಾಕಿನ ಹೊಗೆಯಿಂದ ತುಂಬಿಸಿ, ಸಾಮಾನುಗಳನ್ನೆಲ್ಲ ಹಾಸಿಗೆಯ ಮೇಲೆ ಪೇರಿಸಿ ಹೊರಟುಹೋದರು. ಕೂಟಕ್ಕೆ ಬಾರದಿರುವುದು ದಂಡನೀಯ ಅಪರಾಧವಾಗಿತ್ತೆಂಬುದು ಗಮನಿಸತಕ್ಕ ವಿಷಯ.

ಸಾಪೇಕ್ಷತಾ ಸಿದ್ಧಾಂತ ಆ ಮೂವರ ಕೂಟದ ಫಲವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಐನ್‌ಸ್ಟೈನ್ ಏಕಾಂತದಲ್ಲಿ ಮಾಡಿದ ಚಿಂತನೆಗೆ ಯಾವ ಕೂಟವೂ ಬದಲಾಗಲಾರದು. ಆದರೆ ೧೯೦೫ರ ಆ ಪ್ರಬಂಧದ ಕೊನೆಯಲ್ಲಿ ಯಾವ ಪ್ರಾಧ್ಯಾಪಕನ ಹೆಸರೂ ಇಲ್ಲ, ಯಾವ ಗ್ರಂಥದ ಉಲ್ಲೇಖವೂ ಇಲ್ಲ; ತನ್ನೊಡನೆ ನಿಂತ ಗೆಳೆಯ ಮಿಖೇಲೆ ಬೆಸ್ಸೊಗೆ ಕೃತಜ್ಞತೆ ಮಾತ್ರ ಇದೆ. ಪೇಟೆಂಟ್ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಆತನೊಡನೆ ಒಂದು ದಿನ ಆ ಸಮಸ್ಯೆಯನ್ನು ಎಲ್ಲ ಕಡೆಯಿಂದಲೂ ಚರ್ಚಿಸಿದ ಮೇಲೆ ತನಗೆ ದಾರಿ ಹೊಳೆಯಿತೆಂದು ೧೯೨೨ರಲ್ಲಿ ಜಪಾನಿನ ಕ್ಯೋಟೊದಲ್ಲಿ ಐನ್‌ಸ್ಟೈನರೇ ಹೇಳಿದರು. ೧೯೫೩ರಲ್ಲಿ, ಮುದುಕರಾಗಿದ್ದ ಹಾಬಿಕ್ಟ್, ಸೊಲೊವಿನ್ ಇಬ್ಬರೂ ಪ್ಯಾರಿಸಿನಲ್ಲಿ ಭೇಟಿಯಾಗಿ ಹಳೆಯ ಅಧ್ಯಕ್ಷರಿಗೊಂದು ಕಾರ್ಡು ಬರೆದರು. ಅಮೆರಿಕದಿಂದ ಬಂದ ಉತ್ತರ ಅವರಿಬ್ಬರ ಹೆಸರಿಗಿರಲಿಲ್ಲ. ಅಕಾಡೆಮಿಯನ್ನೇ ಸಂಬೋಧಿಸಿ ಬರೆದಿದ್ದರು.

ನಮ್ಮ ನಾಡಿನಲ್ಲಿ ಇಂಥವು ಇಲ್ಲದಿಲ್ಲ. ೧೯೨೦ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪನ್ನು ಅರಿಯದ ಸಾಹಿತ್ಯಪ್ರಿಯರಿಲ್ಲ. ಶಂಬಾ ಜೋಶಿ, ಗೋಕಾಕ, ಮುಗಳಿಯವರಂಥವರ ಬರವಣಿಗೆಗೆ ಅದು ಹದಗೊಳಿಸಿದ ನೆಲ. ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆಯುವುದು ವಿಜಯಪುರದ ಕಡೆಯ ಹಲಸಂಗಿ ಎಂಬ ಹಳ್ಳಿ. ಅಲ್ಲಿ ಕಾಲೇಜಿರಲಿಲ್ಲ, ಪ್ರಾಧ್ಯಾಪಕರಿರಲಿಲ್ಲ. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೇ ನಿಂತಿತ್ತು. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರೊಡನೆ ಕೂಡಿಕೊಂಡು ಅವರು ಮಾಡಿದ ವ್ಯಾಸಂಗ, ಹಾಡಿಸಿ ಕೇಳಿ ಬರೆದುಕೊಂಡ ಹಳ್ಳಿಯ ಹೆಂಗಸರ ಪದಗಳು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವಾಗಿ ಬಂದುವು. ಗುರುವಿನ ಕಾಲು ಪಾಲು ದೊರೆಯದ ಕಡೆ ಸಹಪಾಠಿಗಳು ಅದನ್ನೂ ತುಂಬಿಕೊಟ್ಟುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಎಲ್ಲ ಗುಂಪೂ ಹಲಸಂಗಿಯಾಗುವುದಿಲ್ಲವೆಂಬುದನ್ನೂ ಒಪ್ಪಬೇಕು. ಓದಲು ಕೂಡಿ ಹರಟೆಗೆ ಎದ್ದ ಸಂಜೆಗಳು ನನ್ನ ಲೆಕ್ಕದಲ್ಲಿಯೂ ಬೇಕಾದಷ್ಟಿವೆ. ತಾನು ಓದದೆ ಬಂದು ಇತರರ ಓದನ್ನು ಹೀರಿಕೊಂಡು ಹೋಗುವವನು ಪ್ರತಿ ಗುಂಪಿನಲ್ಲಿಯೂ ಒಬ್ಬನಿರುತ್ತಾನೆ. ಬಲ್ಲೆನೆಂಬ ಠೀವಿಯಿಂದ ಉಳಿದವರ ಬಾಯಿ ಮುಚ್ಚಿಸುವವನು ಇನ್ನೊಬ್ಬ. ಬರ್ಕ್ಲಿಯ ಹುಡುಗರು ಕೂಡುವ ಮೊದಲು ಎಂಟು ಗಂಟೆ ಒಬ್ಬೊಬ್ಬರೇ ಓದುತ್ತಿದ್ದರೆಂಬುದನ್ನು ಮರೆತರೆ ಕೂಟ ಕೆಡುತ್ತದೆ. ಮೂರು ನಾಲ್ಕು ಜನರಿಗಿಂತ ಹೆಚ್ಚಾದರೆ ಅದು ಸಭೆ; ಸಭೆಯಲ್ಲಿ ಯಾರೂ ತಮ್ಮ ದಡ್ಡತನವನ್ನು ಹೊರಗೆಡಹುವುದಿಲ್ಲ. ಈಗಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೂರಾರು ಮಂದಿಯ ಗುಂಪು ಕಟ್ಟಿಕೊಂಡು ಟಿಪ್ಪಣಿಗಳನ್ನು ಹಂಚಿಕೊಳ್ಳುತ್ತಾರೆ. ಉಪಕಾರವಾದುದೇ. ಆದರೆ ಟಿಪ್ಪಣಿ ಕೈಗೆ ಬಂದರೆ ಮತ್ತೆ ಪುಸ್ತಕ ಬಂದಂತೆಯೇ ಹೊರತು, ಭಕ್ ಎಂಬಲ್ಲಿ ಉಸಿರು ನಿಲ್ಲುತ್ತದೆಂದು ಹೇಳುವವನು ಬಂದಂತಾಗುವುದಿಲ್ಲ.

ಇವೆಲ್ಲ ತಿದ್ದಬಹುದಾದ ದೋಷಗಳು. ತಿದ್ದುವುದು ಕಷ್ಟವಾದ ದೋಷವೊಂದನ್ನು ನಾನು ಆ ಕಾಲದಲ್ಲಿ ಕಾಣಲಿಲ್ಲ. ಆ ನೇಕಾರರ ಹುಡುಗನೊಡನೆ ಕುಳಿತ ಮೇಲೆ ಇನ್ನಿಬ್ಬರು ಬಂದು ಸೇರಿ ನಾವು ನಾಲ್ವರಾದೆವು, ನಾಲ್ವರೂ ತೇರ್ಗಡೆಯಾದೆವು. ನಮ್ಮ ತರಗತಿಯಲ್ಲಿಯೇ ಸರಕಾರದ ವಿದ್ಯಾರ್ಥಿನಿಲಯದ ಇಬ್ಬರು ಹುಡುಗರಿದ್ದರು. ಗುಡಿಯ ಜಗಲಿಯನ್ನು ಅವರು ಹತ್ತುತ್ತಿರಲಿಲ್ಲ. ಹತ್ತಬಾರದೆಂದು ಅವರಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೆರೆಯ ಏರಿಯ ಮೇಲೆ ಬೇಕಾದಷ್ಟು ಜಾಗವಿತ್ತು. ಅಲ್ಲಿಗೆ ಹೋಗಿ ಕೂಡೋಣವೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಇಬ್ಬರಲ್ಲಿ ಒಬ್ಬ ಆ ವರ್ಷವೇ ಓದು ಬಿಟ್ಟ. ಬರ್ಕ್ಲಿಯ ವರದಿಯನ್ನು ನಾನು ಓದಿದುದು ಅಧ್ಯಾಪಕನಾಗಿ ಎಷ್ಟೋ ವರ್ಷ ಕಳೆದ ಮೇಲೆ. ಅದನ್ನು ಓದುತ್ತಿರುವಾಗ ನನಗೆ ನೆನಪಾದ ಮುಖ ಅವನದು. ತುಮಕೂರಿನ ಸಿದ್ಧಗಂಗೆಯಂಥ ಕಡೆಗಳಲ್ಲಿ, ನಾಡಿನ ನೂರಾರು ವಿದ್ಯಾರ್ಥಿನಿಲಯಗಳಲ್ಲಿ ಬಡ ಹುಡುಗರಿಗೆ ದೊರೆತದ್ದು ಅನ್ನವೆಂದು ನಾವು ಎಣಿಸುತ್ತೇವೆ. ಅನ್ನದೊಡನೆ, ರಾತ್ರಿ ಒಂದೇ ದೀಪದ ಕೆಳಗೆ ಕುಳಿತ ನಾಲ್ಕು ಜನರೂ ದೊರೆತರೆಂಬುದನ್ನು ಎಣಿಕೆಗೆ ತಂದುಕೊಳ್ಳುವುದಿಲ್ಲ.

ತರಗತಿಯಲ್ಲಿ ಆರು ಮಂದಿ ಹುಡುಗಿಯರೂ ಇದ್ದರು. ಅವರಲ್ಲೊಬ್ಬರನ್ನು ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಕಂಡೆ. ಗಣಿತದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದವರು, ಪಿ.ಯು.ಸಿ. ಆದ ಮೇಲೆ ಮನೆಯಲ್ಲಿ ಓದು ನಿಲ್ಲಿಸಿದರು. ಹಳೆಯ ಮಾತುಗಳು ಬಂದುವು. ‘ಸಂಜೆ ಕಾಲೇಜು ಬಿಟ್ಟು ನಾವು ಆ ಗುಡಿಯ ಮುಂದೆಯೇ ಮನೆಗೆ ಹೋಗುತ್ತಿದ್ದೆವು. ನೀವು ನಾಲ್ವರೂ ತೊಡೆಯ ಮೇಲೆ ಬೆರಳು ತಟ್ಟುತ್ತ ಏನನ್ನೋ ಎಣಿಸುತ್ತಿದ್ದಿರಿ. ಅದೇನು? ಇಸ್ಪೀಟಿನ ಲೆಕ್ಕವೆಂದು ನಾವು ಮಾತಾಡಿಕೊಳ್ಳುತ್ತಿದ್ದೆವು’ ಎಂದರು. ಷಟ್ಪದಿಯ ಮಾತ್ರೆಗಳೆಂದು ಹೇಳಿದೆ. ಅವರು ನಂಬಲಿಲ್ಲ. ಊಟದ ಪಂಕ್ತಿ ಏಳುವ ತನಕ ಪಕ್ಕದಲ್ಲಿ ಕುಳಿತು, ಮೂರು ನಾಲ್ಕು, ಮೂರು ನಾಲ್ಕು ಎಂದು ಬೆರಳು ತಟ್ಟಿ ತೋರಿಸಬೇಕಾಯಿತು.